ಮ್ಯೂನಿಕ್ಕಿನ ಬಸ್ಸು, ಬೆಂಗಳೂರಿನ ಮೃದಂಗ



ಸುರಪುರದ ಸಂಸ್ಥಾನ, ತಿಂಥಿಣಿಯ ಮೌನೇಶ್ವರ, ಕೃಷ್ಣಾ-ಭೀಮಾ ನದಿಗಳ ನಡುವಣ ನಮ್ಮ ಸೀಮೆಯ ಹಳೆಯ ಸಂಗತಿಗಳು, ಇವುಗಳನ್ನೇ ನನ್ನ ಬರಹಗಳಲ್ಲಿ ಓದುತ್ತ ಬಂದವರಿಗೆ ಇಂದಿನ ವಿಷಯ ಸ್ವಲ್ಪ ವಿಚಿತ್ರವಾಗಿ ಕಾಣಬಹುದು. 1980ರಲ್ಲಿ ಜರ್ಮನಿಯಲ್ಲಿ ಹೊರಬಂದ ಒಂದು ಧ್ವನಿಮುದ್ರಿಕೆಯ ಚರಿತ್ರೆಯನ್ನು ಬರೆಯಲು ಹೊರಟಿದ್ದೇನೆ. ಅದರ ಹೆಸರು ‘ಲೈಫ್’. ಅದರಲ್ಲಿ ಎರಡು ತಂಡಗಳ ಹೆಸರಿದೆ. ಒಂದು, ಮ್ಯೂನಿಕ್ ನಗರದ ‘ಎಂಬ್ರಿಯೋ’ ಎಂಬ ಜಾಝ್-ರಾಕ್ ವಾದ್ಯವೃಂದ. ಇನ್ನೊಂದು, ನಮ್ಮದೇ ಬೆಂಗಳೂರಿನ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’. ಎರಡನೆಯ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ಕರ್ನಾಟಕ ತಾಳವಾದ್ಯ ವಿದ್ಯಾಲಯ ಎನ್ನಬಹುದು.

ಜರ್ಮನಿಯಲ್ಲಿ ಇಂಜಿನಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈ ಧ್ವನಿಮುದ್ರಿಕೆಯನ್ನು ನನಗೆ ಪರಿಚಯಿಸಿದ. ಅಲ್ಲಿನ ಹಳೆಯ ರೆಕಾರ್ಡುಗಳ ಅಂಗಡಿಯೊಂದರಲ್ಲಿ ‘ಕರ್ನಾಟಕ’ ಎಂಬ ಪದವನ್ನು ಕಂಡು ಅವನು ನಿಂತುಬಿಟ್ಟನಂತೆ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ ಕಲಿಸಿದವನು, ಸಂಗೀತಶಾಸ್ತ್ರ ಓದಿದವನಲ್ಲ. ಆದರೆ ಈ ತಟ್ಟೆಯನ್ನೂ ಅದರ ಹಿಂದುಮುಂದಿನ ತಟ್ಟೆಗಳನ್ನೂ ಕೇಳುತ್ತ ಹೋದಂತೆ ಇದು ಪಾಠ ಹೇಳುವವರ ಚರಿತ್ರೆಯೂ ಹೌದು, ಲೆಕ್ಕದ ಚರಿತ್ರೆಯೂ ಹೌದು ಎನಿಸಿತು. ಆದ್ದರಿಂದಲೇ ಈ ಧೈರ್ಯ.

ಮೊದಲು ಜಾಝ್-ರಾಕ್ ಎಂದರೇನು ಎಂಬುದನ್ನು ನಮ್ಮೂರಿನ ಹಿರಿಯರಿಗಾಗಿ ಎರಡು ಮಾತಿನಲ್ಲಿ ಹೇಳಬೇಕು. ಜಾಝ್ ಎಂಬುದು ಅಮೆರಿಕದ ಕಪ್ಪು ಜನಾಂಗದವರ ನಡುವೆ, ಮುಖ್ಯವಾಗಿ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪುಗೊಂಡ ಸಂಗೀತ. ಬರೆದುಕೊಟ್ಟದ್ದನ್ನು ನುಡಿಸುವುದಕ್ಕಿಂತ ಆ ಕ್ಷಣದಲ್ಲಿ ಹೊಳೆದದ್ದನ್ನು ನುಡಿಸುವುದಕ್ಕೆ ಅಲ್ಲಿ ಹೆಚ್ಚು ಬೆಲೆ. ನಮ್ಮಲ್ಲಿ ಮನೋಧರ್ಮ ಎನ್ನುತ್ತೇವಲ್ಲ, ಅದಕ್ಕೆ ಹತ್ತಿರದ ಸಂಗತಿ. ರಾಕ್ ಎಂಬುದು ವಿದ್ಯುತ್ ಗಿಟಾರ್, ವಿದ್ಯುತ್ ಬಾಸ್, ಡ್ರಮ್ ಸೆಟ್ ಇವುಗಳ ಆರ್ಭಟದ ಸಂಗೀತ. 1960ರ ದಶಕದ ಕೊನೆಗೆ ಈ ಎರಡೂ ಕೂಡಿದವು. ಮೈಲ್ಸ್ ಡೇವಿಸ್ ಎಂಬ ಕಹಳೆವಾದಕನ ‘ಬಿಚಸ್ ಬ್ರೂ’ 1970ರಲ್ಲಿ ಹೊರಬಂದ ಮೇಲೆ ಈ ಕೂಡಿಕೆಗೆ ಒಂದು ಅಧಿಕೃತ ಮುದ್ರೆಯೇ ಬಿದ್ದಂತಾಯಿತು.

ಜರ್ಮನಿಯ ಸಂದರ್ಭ ಬೇರೆ. ಯುದ್ಧದಲ್ಲಿ ಸೋತು, ನಾಜಿ ಆಡಳಿತದ ಕಳಂಕವನ್ನು ಹೊತ್ತು, ಎರಡು ಹೋಳಾಗಿದ್ದ ದೇಶ ಅದು. 1945ರ ಆಸುಪಾಸಿನಲ್ಲಿ ಹುಟ್ಟಿದ ಪೀಳಿಗೆಗೆ ತಂದೆತಾಯಂದಿರ ಹಾಡುಗಳು ಬೇಕಾಗಿರಲಿಲ್ಲ. ಅಮೆರಿಕದವರ ಅನುಕರಣೆಯೂ ಬಹಳ ದಿನ ರುಚಿಸಲಿಲ್ಲ. 1968ರ ವಿದ್ಯಾರ್ಥಿ ಚಳವಳಿಯ ಬಿಸಿಯಲ್ಲಿ ಆ ಯುವಕರು ತಮ್ಮದೇ ಸಂಗೀತವೊಂದನ್ನು ಹುಡುಕತೊಡಗಿದರು. ಇಂಗ್ಲಿಷ್ ಪತ್ರಿಕೆಗಳವರು ಅದಕ್ಕೆ ‘ಕ್ರೌಟ್‌ರಾಕ್’ ಎಂದು ಹೆಸರಿಟ್ಟರು. ಕ್ರೌಟ್ ಎಂದರೆ ಎಲೆಕೋಸು. ಯುದ್ಧಕಾಲದಲ್ಲಿ ಜರ್ಮನರನ್ನು ಹೀಯಾಳಿಸಲು ಬಳಸುತ್ತಿದ್ದ ಮಾತು. ಹೀಯಾಳಿಕೆಯಾಗಿ ಬಂದ ಹೆಸರೇ ಕೊನೆಗೆ ಮರ್ಯಾದೆಯ ಹೆಸರಾಗಿ ನಿಂತಿತು. ನಮ್ಮ ಹಳ್ಳಿಗಳಲ್ಲಿ ಮನೆತನದ ಅಡ್ಡಹೆಸರುಗಳು ನಿಲ್ಲುವುದೂ ಹೀಗೆಯೇ.

ಎಂಬ್ರಿಯೋ ತಂಡ ಕಟ್ಟಿದ್ದು 1969ರಲ್ಲಿ. ಅದರ ಜೀವಾಳವಾಗಿದ್ದವರು ಕ್ರಿಸ್ಟಿಯಾನ್ ಬುರ್ಖಾರ್ಟ್, 1946ರಲ್ಲಿ ಜನಿಸಿದವರು. ಡ್ರಮ್ಸ್ ಅವರ ಕೈಗೆ ಬಂದ ವಾದ್ಯ. ಅದರೊಂದಿಗೆ ವೈಬ್ರಫೋನ್ ಕೂಡ ನುಡಿಸುತ್ತಿದ್ದರು. ಲೋಹದ ಪಟ್ಟಿಗಳನ್ನು ಕೋಲಿನಿಂದ ತಟ್ಟಿ ಸ್ವರ ಹೊರಡಿಸುವ ವಾದ್ಯವದು, ಕೇಳಿದರೆ ನಮಗೆ ಜಲತರಂಗ ನೆನಪಾಗುತ್ತದೆ. ತಂಡದ ಮೊದಲ ತಟ್ಟೆ ‘ಓಪಲ್’ 1970ರಲ್ಲಿ ಬಂತು. ಮುಂದೆ ಹತ್ತು ವರ್ಷಗಳಲ್ಲಿ ಸಾಲುಸಾಲಾಗಿ ತಟ್ಟೆಗಳು ಬಂದವು. ಇಲ್ಲಿ ಮುಖ್ಯವಾದದ್ದು 1973ರ ‘ವಿ ಕೀಪ್ ಆನ್’. ಅದರಲ್ಲಿ ಚಾರ್ಲಿ ಮರಿಯಾನೋ ಎಂಬ ಅಮೆರಿಕದ ಸ್ಯಾಕ್ಸೋಫೋನ್ ವಾದಕರಿದ್ದಾರೆ, ಮತ್ತು ಅವರ ಕೈಯಲ್ಲಿ ಸ್ಯಾಕ್ಸೋಫೋನಿನ ಜೊತೆಗೆ ನಾಗಸ್ವರವೂ ಇದೆ.

ನಾಗಸ್ವರ ಎಂದೊಡನೆ ನಿಮಗೆ ಕದ್ರಿ ಗೋಪಾಲನಾಥರು ನೆನಪಾಗದಿರಲಾರರು. ಇತಿಹಾಸ ಕೆಲವೊಮ್ಮೆ ಕನ್ನಡಿ ಹಿಡಿದಂತೆ ನಡೆಯುತ್ತದೆ. 1949ರಲ್ಲಿ ದಕ್ಷಿಣ ಕನ್ನಡದಲ್ಲಿ ನಾಗಸ್ವರ ವಿದ್ವಾಂಸರ ಮನೆಯಲ್ಲಿ ಹುಟ್ಟಿದ ಗೋಪಾಲನಾಥರು ಪಾಶ್ಚಾತ್ಯ ಸ್ಯಾಕ್ಸೋಫೋನಿಗೆ ಒಲಿದು, ಅದರಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ಹೊರಡಿಸಿ, ಅದನ್ನು ಸಭೆಗಳಲ್ಲಿ ಕೂರಿಸಿದರು. 1923ರಲ್ಲಿ ಬಾಸ್ಟನ್ ನಗರದಲ್ಲಿ ಹುಟ್ಟಿ, ಚಾರ್ಲ್ಸ್ ಮಿಂಗಸ್ ಅವರಂಥ ಮಹಾರಥಿಗಳೊಂದಿಗೆ 1963ರಲ್ಲಿ ಸ್ಯಾಕ್ಸೋಫೋನ್ ನುಡಿಸಿದ್ದ ಮರಿಯಾನೋ 1960ರ ದಶಕದ ಕೊನೆಯಲ್ಲಿ ಮಲೇಷಿಯಾದಲ್ಲಿದ್ದಾಗ ನಾಗಸ್ವರಕ್ಕೆ ಮರುಳಾಗಿ, ನಡುವಯಸ್ಸಿನಲ್ಲಿ ಶಿಷ್ಯನಾಗಿ ಕುಳಿತು ಅದನ್ನು ಕಲಿತರು. ಒಬ್ಬರು ನಾಗಸ್ವರದ ಮನೆಯಿಂದ ಸ್ಯಾಕ್ಸೋಫೋನಿಗೆ, ಇನ್ನೊಬ್ಬರು ಸ್ಯಾಕ್ಸೋಫೋನಿನಿಂದ ನಾಗಸ್ವರಕ್ಕೆ. ಗೋಪಾಲನಾಥರಿಗೆ ನಾವು ಸಲ್ಲಬೇಕಾದ ಕೀರ್ತಿ ಸಲ್ಲಿಸಿದ್ದೇವೆ. ಮರಿಯಾನೋ ಅವರ ಹೆಸರು ಮಾತ್ರ ಕನ್ನಡ ಪುಸ್ತಕಗಳಲ್ಲಿ ಕಾಣಸಿಗುವುದು ಅಪರೂಪ. ಆದರೆ ಅವರು ಬೆಂಗಳೂರಿನೊಂದಿಗೆ ದಶಕಗಳ ಕಾಲ ನಂಟಿಟ್ಟುಕೊಂಡಿದ್ದರು.

ಈಗ ಬೆಂಗಳೂರಿಗೆ ಬರೋಣ. ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿಯವರು ಈ ತಾಳವಾದ್ಯ ವಿದ್ಯಾಲಯವನ್ನು ಸ್ಥಾಪಿಸಿದ್ದು 1964ರಲ್ಲಿ. ಆಗ ನಮ್ಮ ರಾಜ್ಯಕ್ಕೆ ಮೈಸೂರು ಎಂದೇ ಹೆಸರು. ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಜರ್ಮನಿಯ ರೆಕಾರ್ಡಿನ ಹೊದಿಕೆಯ ಮೇಲೆ ‘ಕರ್ನಾಟಕ’ ಎಂಬ ಪದ ಅಚ್ಚಾದಾಗ ಆ ಹೆಸರಿನ ರಾಜ್ಯಕ್ಕೆ ಇನ್ನೂ ಏಳು ವರ್ಷದ ಪ್ರಾಯ.

ವಿದ್ಯಾಲಯ ಎಂಬ ಪದವನ್ನು ಗಮನಿಸಬೇಕು. ಕರ್ನಾಟಕ ಸಂಗೀತ ಕಚೇರಿಯಲ್ಲಿ ಮೃದಂಗ, ಘಟ, ಖಂಜಿರ, ಮೋರ್ಚಿಂಗ್ ಇವು ಪಕ್ಕವಾದ್ಯಗಳು. ಹೆಸರೇ ಹೇಳುವಂತೆ ಇವುಗಳ ಸ್ಥಾನ ಪಕ್ಕದಲ್ಲಿ. ನಡುವೆ ಕೂರುವವರು ಗಾಯಕರು. ಇಡೀ ಕಚೇರಿಯಲ್ಲಿ ತಾಳವಾದ್ಯದವರದೇ ಎನ್ನುವ ಹೊತ್ತು ತನಿ ಆವರ್ತನ ಒಂದೇ, ಮತ್ತು ಆ ಹೊತ್ತಿನಲ್ಲಿಯೇ ಸಭಿಕರು ಕಾಫಿಗೆ ಎದ್ದುಹೋಗುತ್ತಾರೆಂಬುದು ಸಂಗೀತಲೋಕದ ಹಳೆಯ ನಗೆಮಾತು. ಇಂಥ ಪರಿಸ್ಥಿತಿಯಲ್ಲಿ ತಾಳವಾದ್ಯಗಳಿಗಾಗಿಯೇ ಒಂದು ಶಾಲೆ ತೆರೆದು, ತಾಳವಾದ್ಯಗಳದ್ದೇ ವೃಂದ ಕಟ್ಟಿ, ‘ತಾಳ ತರಂಗಿಣಿ’ ಎಂಬ ಹೆಸರಿನಲ್ಲಿ ಅದನ್ನು ವೇದಿಕೆಯ ನಡುವೆ ಕೂರಿಸಿದ್ದು ಸಣ್ಣ ಸಾಹಸವಲ್ಲ. ಮಣಿಯವರ ಪತ್ನಿ ಆರ್. ಎ. ರಮಾಮಣಿಯವರು ಗಾಯಕಿ, ರಚನಕಾರ್ತಿ, ಜೊತೆಗೆ ಕೊನ್ನಕ್ಕೋಲಿನಲ್ಲಿ ಪರಿಣತೆ. ಘಟ ಮತ್ತು ಮೋರ್ಚಿಂಗಿನಲ್ಲಿ ಆರ್. ಎ. ರಾಜಗೋಪಾಲ್, ಖಂಜಿರದಲ್ಲಿ ಟಿ. ಎನ್. ಶಶಿಕುಮಾರ್. ಹೊರದೇಶದ ತಟ್ಟೆಗಳಲ್ಲಿ ಕಾಣುವ ಹೆಸರುಗಳು ಇವೇ.

ಕೊನ್ನಕ್ಕೋಲು ಎಂದರೆ ತಾಳವಾದ್ಯದ ಜತಿಗಳನ್ನು ಬಾಯಿಂದ ನುಡಿಯುವುದು. ನಮ್ಮ ಭಾಗದವರಿಗೆ ತಬಲಾದ ‘ಧಾ ಧಿನ್ ಧಿನ್ ಧಾ’ ಪರಿಚಿತ. ಭಜನೆಯ ಮನೆಗಳಲ್ಲಿ ಹುಡುಗರು ಮೊದಲು ಬಾಯಿಂದ ಹೇಳಿ ಆಮೇಲೆ ಕೈಗೆ ತರುವುದನ್ನು ನೋಡಿದ್ದೀರಿ. ದಕ್ಷಿಣದ ಪದ್ಧತಿಯಲ್ಲಿ ಇದಕ್ಕೆ ಸೊಲ್ಕಟ್ಟು ಎನ್ನುತ್ತಾರೆ. ನಾಲ್ಕಕ್ಕೆ ‘ತಕಧಿಮಿ’, ಮೂರಕ್ಕೆ ‘ತಕಿಟ’, ಐದಕ್ಕೆ ‘ತಕ ತಕಿಟ’, ಏಳಕ್ಕೆ ‘ತಕಿಟ ತಕಧಿಮಿ’, ಒಂಬತ್ತಕ್ಕೆ ‘ತಕಧಿಮಿ ತಕ ತಕಿಟ’. ಅಂಕೆಗಳಿಗೆ ಬದಲಾಗಿ ಅಕ್ಷರಗಳು. ಈ ಐದು ಇಟ್ಟಿಗೆಗಳಿಂದ ಎಷ್ಟು ದೊಡ್ಡ ಗೋಪುರವನ್ನಾದರೂ ಕಟ್ಟಬಹುದು.

ಹೇಗೆಂಬುದಕ್ಕೆ ಒಂದು ಲೆಕ್ಕ ಮಾಡೋಣ. ಆದಿತಾಳದಲ್ಲಿ ಎಂಟು ಅಕ್ಷರಗಳು. ಒಂದೊಂದು ಅಕ್ಷರಕ್ಕೆ ನಾಲ್ಕು ಮಾತ್ರೆಯಂತೆ ಒಂದು ಆವರ್ತಕ್ಕೆ 32 ಮಾತ್ರೆ. ವಾದಕನು ಏಳರ ‘ತಕಿಟ ತಕಧಿಮಿ’ಯನ್ನೇ ಬಿಡದೆ ನುಡಿಸುತ್ತ ಹೋದನೆಂದು ಇಟ್ಟುಕೊಳ್ಳಿ. 32ನ್ನು ಏಳು ಭಾಗಿಸುವುದಿಲ್ಲ. ಆದ್ದರಿಂದ ಮೊದಲ ಆವರ್ತದ ಕೊನೆಯಲ್ಲಿ ಅವನು ತಾಳದೊಂದಿಗೆ ಸೇರುವುದಿಲ್ಲ. ಎರಡನೆಯದರಲ್ಲೂ ಇಲ್ಲ, ಮೂರನೆಯದರಲ್ಲೂ ಇಲ್ಲ. ಎಂಟನೆಯ ತರಗತಿಯಲ್ಲಿ ಕಲಿತ ಲ.ಸಾ.ಅ. ನೆನಪಿಸಿಕೊಳ್ಳಿ. ಏಳು ಮತ್ತು ಮೂವತ್ತೆರಡರ ಲ.ಸಾ.ಅ. 224. ಅಂದರೆ ಏಳು ಆವರ್ತ ತಿರುಗಿ, ಮೂವತ್ತೆರಡನೆಯ ‘ತಕಿಟ ತಕಧಿಮಿ’ ಮುಗಿದಾಗ ಮಾತ್ರ ಇಬ್ಬರೂ ಮತ್ತೆ ಒಂದೇ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅಲ್ಲಿಯವರೆಗೆ ಕೇಳುವವರ ಎದೆ ಹೊಯ್ದಾಡುತ್ತಿರುತ್ತದೆ.

ಇನ್ನೊಂದು ಉಪಾಯವಿದೆ. ಒಂದು ಜತಿಯನ್ನು ಮೂರು ಸಲ ಹೇಳಿ, ಮೂರನೆಯದು ಮುಗಿದೊಡನೆ ಸಮಕ್ಕೆ ಸರಿಯಾಗಿ ಬಂದು ಬೀಳುವುದು. ಮುಕ್ತಾಯ ಎನ್ನುತ್ತಾರೆ. ಐದು ಮಾತ್ರೆಯ ‘ತಕ ತಕಿಟ’ವನ್ನು ಎರಡೆರಡು ಮಾತ್ರೆ ಖಾಲಿ ಬಿಟ್ಟು ಮೂರು ಸಲ ನುಡಿಸಿದರೆ ಐದು, ಎರಡು, ಐದು, ಎರಡು, ಐದು, ಒಟ್ಟು 19. 32ರಲ್ಲಿ 19 ಕಳೆದರೆ 13. ಆದ್ದರಿಂದ ಆವರ್ತದ 14ನೆಯ ಮಾತ್ರೆಯಲ್ಲಿ ಆರಂಭಿಸಿದರೆ ಸರಿಯಾಗಿ ಮನೆ ಸೇರಬಹುದು. ಮೃದಂಗದವನು ಇದನ್ನು ಕಾಗದದ ಮೇಲೆ ಬರೆದುಕೊಳ್ಳುವುದಿಲ್ಲ. ಬಾಯಿಯಲ್ಲಿ ಹೇಳಿಕೊಂಡೇ ಮಾಡುತ್ತಾನೆ.

ಯೂರೋಪಿನ ಜಾಝ್-ರಾಕ್ ಯುವಕರು ಹುಡುಕುತ್ತಿದ್ದದ್ದು ಇದನ್ನೇ. ನಾಲ್ಕರ ನಡೆಯಿಂದ ಅವರಿಗೆ ಬೇಸರ ಬಂದಿತ್ತು. ಡೇವ್ ಬ್ರೂಬೆಕ್ಕರ ವೃಂದ 1959ರಲ್ಲಿಯೇ ‘ಟೇಕ್ ಫೈವ್’ ಎಂಬ ಐದರ ನಡೆಯ ಕೃತಿಯಿಂದ ಜಗತ್ತನ್ನು ಬೆರಗುಗೊಳಿಸಿತ್ತು. ಆದರೆ ಐದಕ್ಕೋ ಏಳಕ್ಕೋ ಎಣಿಸುತ್ತ ಹೋಗುವುದು ಒಂದು, ಮೂವತ್ತೆರಡರ ಒಳಗೆ ಏಳನ್ನು ತಿರುಗಿಸಿ ಮನೆಗೆ ತರುವುದು ಇನ್ನೊಂದು. ಮೊದಲನೆಯದು ಅಂಕೆಗಳ ಸಾಲು, ಎರಡನೆಯದು ಸಮೀಕರಣ. ಆ ಎರಡನೆಯದನ್ನು ಬಾಯಿಮಾತಿನಲ್ಲೇ ಕಲಿಸಬಲ್ಲ ಗುರುಗಳು ಬೆಂಗಳೂರಿನಲ್ಲಿದ್ದರು.

ಹಾಗೆ ಕಲಿತವರಲ್ಲಿ ರಮೇಶ್ ಶೋತಮ್ ಒಬ್ಬರು. ಮದ್ರಾಸಿನ ಈ ತರುಣ 1970ರ ದಶಕದಲ್ಲಿ ‘ಹ್ಯೂಮನ್ ಬಾಂಡೇಜ್’ ಎಂಬ ರಾಕ್ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದವರು. ಅವರು ಈ ವಿದ್ಯಾಲಯದಲ್ಲಿ ಶಿಷ್ಯನಾಗಿ ಕುಳಿತು ದಕ್ಷಿಣದ ತಾಳವಾದ್ಯಗಳನ್ನು ಕಲಿತು, ಮುಂದೆ ಜರ್ಮನಿಯ ಕಲೋನ್ ನಗರದಲ್ಲಿ ನೆಲೆಸಿ, ಎಂಬ್ರಿಯೋ ತಂಡದಲ್ಲೂ ನುಡಿಸಿದರು. ಮುಂಬಯಿಯ ತ್ರಿಲೋಕ್ ಗುರ್ಟು ಕೂಡ ಎಂಬ್ರಿಯೋದೊಂದಿಗೆ ನುಡಿಸಿದವರೇ. ಅವರ ತಾಯಿ ಠುಮ್ರಿಯ ರಾಣಿ ಎನಿಸಿಕೊಂಡ ಶೋಭಾ ಗುರ್ಟು ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ, 1925ರಲ್ಲಿ. ಮಗನ 1988ರ ‘ಉಸ್ಫ್ರೆಟ್’ ಎಂಬ ಜಾಝ್ ತಟ್ಟೆಯಲ್ಲಿ ತಾಯಿಯ ಕಂಠವಿದೆ. ಇದು ದಾರಿಬದಿಯ ಮಾತು, ಆದರೆ ಬಿಡಲು ಮನಸ್ಸಾಗಲಿಲ್ಲ.

ಇನ್ನು ಬಸ್ಸಿನ ಕಥೆ. 1978ರ ಶರತ್ಕಾಲದಲ್ಲಿ ಎಂಬ್ರಿಯೋ ತಂಡದವರು ವಾದ್ಯಗಳನ್ನೂ ಕುಟುಂಬ-ಸ್ನೇಹಿತರನ್ನೂ ಬಸ್ಸಿಗೆ ತುಂಬಿಕೊಂಡು ಭೂಮಾರ್ಗವಾಗಿ ಭಾರತಕ್ಕೆ ಹೊರಟರು. ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ಹಾದು ಬರುವ ದಾರಿ ಅದು. ಹೋದ ಹೋದಲ್ಲಿ ಅಲ್ಲಿನ ಕಲಾವಿದರೊಂದಿಗೆ ಕುಳಿತು ನುಡಿಸುವುದು, ಧ್ವನಿ ಮುದ್ರಿಸಿಕೊಳ್ಳುವುದು, ಮುಂದಕ್ಕೆ ಹೋಗುವುದು. ಅಲ್ಲಲ್ಲಿ ಗೋಯೆಥೆ ಇನ್ಸ್‌ಟಿಟ್ಯೂಟಿನವರ ನೆರವಿತ್ತು. ವೆರ್ನರ್ ಪೆಂಜೆಲ್ ಈ ಯಾತ್ರೆಯನ್ನು ಚಿತ್ರೀಕರಿಸಿ ಅಲೆಮಾರಿಗಳ ಕಾರವಾನ್ ಎಂಬ ಅರ್ಥದ ಹೆಸರಿಟ್ಟು ಚಲನಚಿತ್ರ ಮಾಡಿದರು. ಯಾತ್ರೆಯ ಧ್ವನಿಗಳು 1979ರಲ್ಲಿ ‘ಎಂಬ್ರಿಯೋಸ್ ರೈಸೆ’ ಎಂಬ ಜೋಡಿ ತಟ್ಟೆಯಾಗಿ ಬಂದವು. ‘ರೈಸೆ’ ಎಂದರೆ ಜರ್ಮನ್ ಭಾಷೆಯಲ್ಲಿ ಪ್ರಯಾಣ.

ಇಲ್ಲಿ ಇಸವಿಗಳನ್ನು ಗಮನಿಸಬೇಕು. 1978ರ ಏಪ್ರಿಲ್‌ನಲ್ಲಿ ಕಾಬೂಲಿನಲ್ಲಿ ಕಮ್ಯುನಿಸ್ಟ್ ಕ್ರಾಂತಿಯಾಗಿತ್ತು. 1979ರ ಫೆಬ್ರವರಿಯಲ್ಲಿ ಇರಾನಿನ ಷಾಹಿ ಆಡಳಿತ ಬಿದ್ದುಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನವನ್ನು ಹೊಕ್ಕಿತು. ಸಾವಿರಾರು ಯೂರೋಪಿಯನ್ ತರುಣರು ಅಗ್ಗದ ಬಸ್ಸುಗಳಲ್ಲಿ ಭಾರತಕ್ಕೆ ಬರುತ್ತಿದ್ದ ಆ ದಾರಿ ಮುಚ್ಚಿಯೇ ಹೋಯಿತು. ಮ್ಯೂನಿಕ್ಕಿನ ಈ ಬಸ್ಸು ಆ ದಾರಿಯಲ್ಲಿ ಬಂದ ಕೊನೆಕೊನೆಯವುಗಳಲ್ಲಿ ಒಂದು. ಒಂದೆರಡು ವರ್ಷ ತಡವಾಗಿದ್ದರೆ ಆ ಜೋಡಿ ತಟ್ಟೆ ಹುಟ್ಟುತ್ತಲೇ ಇರಲಿಲ್ಲ. ಸಂಗೀತದ ಚರಿತ್ರೆ ಬರೆಯುವವರು ರಾಗಗಳನ್ನು ಹೇಳುತ್ತಾರೆ, ಗಡಿಠಾಣೆಗಳನ್ನು ಮರೆಯುತ್ತಾರೆ.

ಯಾತ್ರೆಯ ತಟ್ಟೆ ಬಂದ ಮರುವರ್ಷವೇ ‘ಲೈಫ್’ ಬಂತು. ಅದನ್ನು ಹೊರತಂದದ್ದು ‘ಷ್ನೇಬಾಲ್’ ಎಂಬ ಸಂಸ್ಥೆ. ಹಿಮದ ಉಂಡೆ ಎಂದು ಅರ್ಥ. ದೊಡ್ಡ ಕಂಪನಿಗಳ ಹಂಗು ಬೇಡವೆಂದು ಜರ್ಮನಿಯ ಕೆಲವು ತಂಡಗಳವರು 1970ರ ದಶಕದ ನಡುವಿನಲ್ಲಿ ತಾವೇ ಕೂಡಿ ಕಟ್ಟಿಕೊಂಡ ಸಂಸ್ಥೆ ಅದು, ಒಂದು ಬಗೆಯ ಕಲಾವಿದರ ಸಹಕಾರಿ ಸಂಘ. 1905ರಲ್ಲಿಯೇ ಗದಗಿನ ಕಣಗಿನಹಾಳದಲ್ಲಿ ಸಹಕಾರ ಸಂಘ ಕಂಡ ನಾಡಿನವರಾದ ನಮಗೆ ಇದರ ಬಲವೂ ದೌರ್ಬಲ್ಯವೂ ಬಿಡಿಸಿ ಹೇಳಬೇಕಾಗಿಲ್ಲ. ಯಜಮಾನರಿಲ್ಲದ ಸಂಸ್ಥೆಯಲ್ಲಿ ತಮಗೆ ಬೇಕಾದದ್ದನ್ನು ನುಡಿಸಬಹುದು. ಆದರೆ ಆ ತಟ್ಟೆಯನ್ನು ಹಡಗಿಗೆ ಹತ್ತಿಸಿ ಬೆಂಗಳೂರಿನ ಅಂಗಡಿಗೆ ತಲುಪಿಸುವ ಬಂಡವಾಳ ಎಲ್ಲಿಂದ ಬರಬೇಕು?

ಈ ಸಹವಾಸ ಅಲ್ಲಿಗೆ ನಿಲ್ಲಲಿಲ್ಲ. ಎಂಬ್ರಿಯೋದಿಂದ ಹೊರಬಂದ ಊವೆ ಮ್ಯುಲ್ರಿಷ್ ಮತ್ತು ಗೆಳೆಯರು 1981ರಲ್ಲಿ ‘ಡಿಸಿಡೆಂಟೆನ್’ ಎಂಬ ಹೊಸ ತಂಡ ಕಟ್ಟಿದರು. ಅವರ ಮೊದಲ ತಟ್ಟೆ ‘ಜರ್ಮನಿಸ್ತಾನ್’ 1982ರಲ್ಲಿ ಬಂತು. ಅದರಲ್ಲೂ ಜೊತೆಗಾರರು ಇದೇ ಬೆಂಗಳೂರಿನ ವಿದ್ಯಾಲಯದವರು. ಆ ಹೆಸರಿನಲ್ಲೇ ಒಂದು ನಗೆಯಿದೆ, ಅಫ್ಘಾನಿಸ್ತಾನ-ಹಿಂದೂಸ್ತಾನಗಳ ಸಾಲಿಗೆ ಜರ್ಮನಿಯನ್ನೂ ಸೇರಿಸಿದ್ದಾರೆ. ಮುಂದೆ ಡಿಸಿಡೆಂಟೆನ್ ಮೊರಾಕ್ಕೋಗೆ ಹೋಗಿ ಹೆಸರು ಮಾಡಿತು, ಅದು ಬೇರೆಯೇ ಕಥೆ.

ಮತ್ತೆ ಮರಿಯಾನೋ. ಮ್ಯೂನಿಕ್ಕಿನಲ್ಲಿಯೇ, ಎಂಬ್ರಿಯೋ ಹುಟ್ಟಿದ 1969ರಲ್ಲಿಯೇ ಹುಟ್ಟಿದ ‘ಇಸಿಎಂ’ ಎಂಬ ಧ್ವನಿಮುದ್ರಿಕೆ ಸಂಸ್ಥೆಯಿದೆ. ನಿರ್ಮಲವಾದ ಧ್ವನಿಮುದ್ರಣಕ್ಕೆ ಜಗತ್ಪ್ರಸಿದ್ಧ. 1983ರಲ್ಲಿ ಆ ಸಂಸ್ಥೆ ‘ಜ್ಯೋತಿ’ ಎಂಬ ತಟ್ಟೆಯನ್ನು ಹೊರತಂದಿತು. ಮರಿಯಾನೋ ಅವರ ಸೊಪ್ರಾನೋ ಸ್ಯಾಕ್ಸೋಫೋನ್ ಮತ್ತು ಕೊಳಲು, ರಮಾಮಣಿಯವರ ಕಂಠ ಮತ್ತು ತಂಬೂರಿ, ಮಣಿಯವರ ಮೃದಂಗ, ರಾಜಗೋಪಾಲರ ಘಟ-ಮೋರ್ಚಿಂಗ್, ಶಶಿಕುಮಾರರ ಖಂಜಿರ. ಇಷ್ಟೇ. ವಿದ್ಯುತ್ ಗಿಟಾರಿಲ್ಲ, ಡ್ರಮ್ ಸೆಟ್ ಇಲ್ಲ. ಹಾಗಾಗಿ ಇದನ್ನು ಜಾಝ್-ರಾಕ್ ಎನ್ನಲಾಗದು. ಆದರೆ ಎಂಬ್ರಿಯೋ ತುಳಿದ ದಾರಿಯಲ್ಲಿ ಸದ್ದು ಗದ್ದಲಗಳನ್ನು ಒಂದೊಂದಾಗಿ ಕಳಚಿಡುತ್ತ ನಡೆದರೆ ಸಿಕ್ಕುವ ಮನೆ ಇದು. ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’, ‘ಕಾರ್ತಿಕ್’, ‘ಭಜನ್’ ಎಂದು ಕೃತಿಗಳ ಹೆಸರುಗಳು. ಎಲ್ಲಕ್ಕಿಂತ ಮೊದಲು ಇರುವುದು ರಮಾಮಣಿಯವರ ಒಂಟಿ ಕಂಠ. ಜಗತ್ತಿನ ಅತಿಗಣ್ಯ ಜಾಝ್ ಸಂಸ್ಥೆಯೊಂದರ ತಟ್ಟೆ, ಮುಖಪುಟದಲ್ಲಿ ಮೊದಲ ಹೆಸರು ಅಮೆರಿಕದ ಹಿರಿಯ ವಾದಕರದು, ಆದರೂ ಬಾಗಿಲು ತೆರೆಯುವವರು ಬೆಂಗಳೂರಿನ ಗಾಯಕಿ!

ಪ್ರಶ್ನೆಯೊಂದು ಬರುತ್ತದೆ. ಇದು ಗಾಯನವೋ ವಾದನವೋ? ರಮಾಮಣಿಯವರ ಕಂಠ ಸ್ವರವಾಗಿ, ಜತಿಯಾಗಿ, ಆಲಾಪವಾಗಿ ಹರಿಯುವಾಗ ಅದಕ್ಕೆ ಸಾಹಿತ್ಯದ ಆಸರೆಯಿಲ್ಲ. ಸ್ಯಾಕ್ಸೋಫೋನಿನ ಪಕ್ಕದಲ್ಲಿ ಅದು ಇನ್ನೊಂದು ಸುಷಿರವಾದ್ಯವಾಗಿ ನಿಲ್ಲುತ್ತದೆ, ಮೃದಂಗದ ಪಕ್ಕದಲ್ಲಿ ಇನ್ನೊಂದು ತಾಳವಾದ್ಯವಾಗಿ. ‘ತಕಧಿಮಿ’ಗೆ ಕನ್ನಡದಲ್ಲಿ ಅರ್ಥವಿಲ್ಲ, ಜರ್ಮನ್ನಿನಲ್ಲೂ ಇಲ್ಲ. ಆದ್ದರಿಂದಲೇ ಅದನ್ನು ಇಬ್ಬರೂ ಸಮಾನವಾಗಿ ಹಂಚಿಕೊಳ್ಳಬಹುದು. ಕೃತಿಯೊಂದನ್ನು ಕಲಿಸಬೇಕಾದರೆ ತೆಲುಗೋ ಕನ್ನಡವೋ ಬರಬೇಕು, ಭಕ್ತಿಯ ಹಿನ್ನೆಲೆ ತಿಳಿದಿರಬೇಕು. ಸೊಲ್ಕಟ್ಟಿಗೆ ನಾಲಿಗೆ ಮತ್ತು ಎಣಿಕೆ ಸಾಕು. ಬೆಂಗಳೂರಿನಿಂದ ಮ್ಯೂನಿಕ್ಕಿಗೆ ಹೋದದ್ದು ಒಂದು ಹಾಡಲ್ಲ, ಒಂದು ಬೋಧನಕ್ರಮ ಎಂದು ನನ್ನ ದೃಢವಾದ ಅಭಿಪ್ರಾಯ. ಹೆಸರುವಾಸಿಯಾದ ಒಬ್ಬ ವಿದ್ವಾಂಸರಿಂದ ಆಗದ ಕೆಲಸ ಒಂದು ಶಾಲೆಯಿಂದ ಆಯಿತು. ಬಿ.ಎಡ್. ಓದಿದ ಕಾಲದಲ್ಲಿ ಬೋಧನಾ ವಿಧಾನಗಳ ಬಗ್ಗೆ ಪುಟಗಟ್ಟಲೆ ಬರೆದವನಿಗೆ, ಕಪ್ಪುಹಲಗೆಯೂ ಸೀಮೆಸುಣ್ಣವೂ ಇಲ್ಲದೆ ಭಿನ್ನರಾಶಿ, ಲ.ಸಾ.ಅ., ಸಮೀಕರಣಗಳನ್ನು ದಾಟಿಸುವ ಈ ವಿಧಾನ ಅಸೂಯೆ ಹುಟ್ಟಿಸುತ್ತದೆ.

ಇಂಥ ವಿಧಾನ ನಮ್ಮ ಕೊಂಕಲ್ಲಿನಲ್ಲಿಯೂ ಉಂಟು. ಮೊಹರಂ ಅಲಾಯಿ ಕುಣಿತದಲ್ಲಿ ಹಲಗೆ ಬಾರಿಸುವವರು ನಡೆಯಿಂದ ನಡೆಗೆ ಜಾರುವುದನ್ನು ನೀವೆಲ್ಲ ಕಂಡಿದ್ದೀರಿ. ಅದನ್ನು ಅವರು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಹಿರಿಯರು ಬಾಯಿಂದ ಹೇಳಿದ್ದನ್ನು ಹುಡುಗರು ತೊಡೆಯ ಮೇಲೆ ತಟ್ಟಿ ಕಲಿಯುತ್ತಾರೆ. ಆ ಮನೆಗಳ ಹುಡುಗರು ಗಣಿತದ ತರಗತಿಯಲ್ಲಿ ಭಿನ್ನರಾಶಿ ಬಂದಾಗ ತಲೆ ತಗ್ಗಿಸುತ್ತಿದ್ದರು, ಅಲಾಯಿ ಕುಣಿಯ ಬಳಿ ಮೂರನ್ನು ನಾಲ್ಕರ ಮೇಲೆ ಕೂರಿಸಿ ತಪ್ಪದೆ ಬಾರಿಸುತ್ತಿದ್ದರು. ಪಠ್ಯಪುಸ್ತಕ ಬರೆದವರಿಗೆ ಆ ಲೆಕ್ಕ ಲೆಕ್ಕವಾಗಿ ಕಾಣಲಿಲ್ಲ. ಮೃದಂಗಕ್ಕೆ ಕಚೇರಿಯಲ್ಲಿ ಪಕ್ಕದ ಸ್ಥಾನವಾದರೂ ಇತ್ತು, ಹಲಗೆಗೆ ಊರಿನ ಹೊರಗೇ ಸ್ಥಾನ. ತಾಳವಾದ್ಯಕ್ಕೆ ವಿದ್ಯಾಲಯ ತೆರೆದವರ ಕೆಲಸ ನನಗೆ ದೊಡ್ಡದಾಗಿ ಕಾಣುವುದು ಇದನ್ನು ನೆನೆದಾಗ.

ಹಾಗಾದರೆ ಇವರೆಲ್ಲ ನಮ್ಮ ಗಮನಕ್ಕೆ ಬಾರದೆ ಹೋದದ್ದೇಕೆ? ‘ಶಕ್ತಿ’ ತಂಡದ ನೆರಳು ಒಂದು ಕಾರಣ. ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್ಲಾಫ್ಲಿನ್, ಪಿಟೀಲಿನ ಎಲ್. ಶಂಕರ್, ತಬಲಾದ ಜಾಕಿರ್ ಹುಸೇನ್, ಘಟದ ವಿನಾಯಕರಾಂ ಇವರ ಆ ತಂಡದ ಮೊದಲ ತಟ್ಟೆ 1976ರಲ್ಲಿ ಅಮೆರಿಕದ ದೊಡ್ಡ ಕಂಪನಿಯಿಂದ ಬಂತು. ಭಾರತ ಮತ್ತು ಜಾಝ್ ಎಂದರೆ ಶಕ್ತಿ ಎಂದೇ ಆಯಿತು. ಅವರ ಯೋಗ್ಯತೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಆಲದ ಮರದ ಕೆಳಗೆ ಬೇರೆ ಗಿಡ ಕಾಣುವುದಿಲ್ಲ. ಇನ್ನೊಂದು ಕಾರಣ ಅಂಗಡಿಯ ಕಪಾಟಿನದು. ‘ವರ್ಲ್ಡ್ ಮ್ಯೂಸಿಕ್’ ಎಂಬ ಹಣೆಪಟ್ಟಿಯನ್ನು ಲಂಡನ್ನಿನ ಸಣ್ಣ ಕಂಪನಿಗಳವರು ಸಭೆ ಸೇರಿ ನಿಶ್ಚಯಿಸಿದ್ದು 1987ರಲ್ಲಿ. ‘ಲೈಫ್’ ಬಂದಾಗ ಅದನ್ನು ಯಾವ ಕಪಾಟಿನಲ್ಲಿ ಇಡಬೇಕೆಂಬುದೇ ಅಂಗಡಿಯವರಿಗೆ ತೋಚದ ಕಾಲ.

ಇವೆರಡೂ ಹೊರಗಿನ ಕಾರಣಗಳು. ಒಳಗಿನ ಕಾರಣ ನಮ್ಮ ಕಪಾಟುಗಳೇ. ಕನ್ನಡದಲ್ಲಿ ಸಂಗೀತದ ಚರಿತ್ರೆಯನ್ನು ಮೈಸೂರು ಆಸ್ಥಾನ, ಧಾರವಾಡದ ಹಿಂದೂಸ್ತಾನಿ, ಸುಗಮ ಸಂಗೀತ, ಜಾನಪದ, ಚಿತ್ರಗೀತೆ ಎಂಬ ಅಧ್ಯಾಯಗಳಲ್ಲಿ ಬರೆಯುವುದು ರೂಢಿ. ಮೃದಂಗ ವಿದ್ವಾಂಸರೊಬ್ಬರು ಜರ್ಮನರೊಂದಿಗೆ ರಾಕ್ ತಟ್ಟೆಯಲ್ಲಿ ನುಡಿಸಿದರೆ ಸಭೆಯವರಿಗೆ ಅದು ಶಾಸ್ತ್ರೀಯವಲ್ಲ. ರಾಕ್ ಕೇಳುವ ಬೆಂಗಳೂರಿನ ದಂಡು ಪ್ರದೇಶದ ಯುವಕರಿಗೆ ಅದು ಕನ್ನಡದ ಸಂಗತಿಯಲ್ಲ. ನಮ್ಮ ಹೈದರಾಬಾದ್ ಕರ್ನಾಟಕದ ಹಳ್ಳಿಗಳಿಗೆ ತಟ್ಟೆಯೇ ಬರುವ ಸಂಭವವಿರಲಿಲ್ಲ, ಇಲ್ಲಿದ್ದದ್ದು ಗುಲ್ಬರ್ಗಾ ಆಕಾಶವಾಣಿ, ಅದೂ ಟ್ರಾನ್ಸಿಸ್ಟರ್ ಇದ್ದವರ ಮನೆಯಲ್ಲಿ. ರಮಾಮಣಿಯವರ ವಿಷಯದಲ್ಲಿ ಈ ಮರೆವು ಇನ್ನೂ ಹೆಚ್ಚು ಚುಚ್ಚುತ್ತದೆ. ಕೊನ್ನಕ್ಕೋಲಿನಲ್ಲಿ ಹೆಣ್ಣಿನ ಧ್ವನಿ ಕೇಳುವುದೇ ಅಪರೂಪವಾಗಿದ್ದ ಕಾಲದಲ್ಲಿ ಅವರು ಅದನ್ನು ಯೂರೋಪಿನ ಜಾಝ್ ವೇದಿಕೆಗಳಿಗೆ ಒಯ್ದರು. ಪಿಯಾನೋ ವಾದಕ ಲೂಯಿಸ್ ಬ್ಯಾಂಕ್ಸ್ ಅವರೊಂದಿಗೂ ಹಾಡಿದರು.

ಮರಿಯಾನೋ ಮತ್ತು ಬೆಂಗಳೂರಿನ ಸ್ನೇಹ ಮಾತ್ರ ಯಾರ ಕಪಾಟಿಗೂ ಕಾಯಲಿಲ್ಲ. 1998ರಲ್ಲಿ ಅವರು ಇದೇ ವಿದ್ಯಾಲಯದವರೊಂದಿಗೆ ಮತ್ತೊಂದು ತಟ್ಟೆ ಮಾಡಿದರು. ಅದರ ಹೆಸರು ‘ಬ್ಯಾಂಗಲೋರ್’. ಆಗ ಅವರಿಗೆ ಎಪ್ಪತ್ತೈದರ ಆಸುಪಾಸು. 2009ರಲ್ಲಿ ಅವರು ಕಲೋನಿನಲ್ಲಿ ತೀರಿಕೊಂಡರು. ಬುರ್ಖಾರ್ಟ್ 2018ರ ಜನವರಿಯಲ್ಲಿ ಹೋದರು. ಟಿ. ಎ. ಎಸ್. ಮಣಿಯವರು 2020ರಲ್ಲಿ, ಕೊರೊನಾದ ಆ ವರ್ಷದಲ್ಲಿ. ಎಂಬ್ರಿಯೋದ ಗಿಟಾರ್ ವಾದಕ ರೋಮನ್ ಬುಂಕಾ 2022ರಲ್ಲಿ. ಬುರ್ಖಾರ್ಟರ ಮಗಳು ಮಾರ್ಯಾ ತಂದೆಯ ತಂಡದ ಹೊಣೆಯನ್ನು ಹೊತ್ತರು.

ಬೆಂಗಳೂರು-ಮೈಸೂರುಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು ಸಂಗೀತ ಕಲಿಯುತ್ತಿದ್ದೀರಿ, ಒಬ್ಬಾಕೆ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದಾಳೆ. ಈ ವಿದ್ಯಾಲಯದಲ್ಲಿ ಕಲಿತವರೂ ಆ ಯಾತ್ರೆಗಳಲ್ಲಿ ನುಡಿಸಿದವರೂ ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಬಾಯಿಂದ ಕೇಳಿ ಕನ್ನಡದಲ್ಲಿ ಬರೆದಿಡುವ ಕೆಲಸವನ್ನು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಜರ್ಮನ್ನಿನಲ್ಲಿ ಬರೆದದ್ದನ್ನು ನಾವು ಅನುವಾದಿಸಿಕೊಳ್ಳುವ ಗತಿ ಬರಬಾರದು.

ಕೇಳಬೇಕೆನ್ನುವವರಿಗೆ ಒಂದು ಕ್ರಮ ಹೇಳುತ್ತೇನೆ. ಮೊದಲು ‘ಜ್ಯೋತಿ’ಯಿಂದ ಆರಂಭಿಸಿ, ಅಲ್ಲಿ ಸದ್ದು ಕಡಮೆ, ಒಂದೊಂದು ವಾದ್ಯವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಆಮೇಲೆ ‘ವಿ ಕೀಪ್ ಆನ್’, ಅದರ ನಂತರ ‘ಲೈಫ್’. ಸುಮ್ಮನೆ ಕೂತು ಕೇಳಬೇಡಿ, ತೊಡೆಯ ಮೇಲೆ ತಾಳ ಹಾಕಿ. ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಮೇಲೆ ಹೇಳಿದ ಮುಕ್ತಾಯದಲ್ಲಿ ಎರಡು ಮಾತ್ರೆಯ ಖಾಲಿಗೆ ಬದಲಾಗಿ ಮೂರು ಮಾತ್ರೆ ಬಿಟ್ಟರೆ ಆವರ್ತದ ಎಷ್ಟನೆಯ ಮಾತ್ರೆಯಲ್ಲಿ ಆರಂಭಿಸಬೇಕು ಎಂಬುದನ್ನು ನೀವೇ ಮಾಡಿ ನೋಡಿ. ಉತ್ತರ ಹನ್ನೆರಡು ಬರಬೇಕು.